ಓದುಗರ ಪ್ರಶ್ನೆ: ಬಡತನಕ್ಕೆ ಅಂತಲೇ ಒಂದು ಇಲಾಖೆ ಮಾಡಿದ್ರೆ ಮುಗೀತಲ್ವಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದೀನೋ ಲೆಕ್ಕ ತಪ್ಪಿದೆ, ಈ ಸಲ ಪೂರ್ತಿ ಬರೀತೀನಿ. ದುಡ್ಡಿಗೊಂದು ಇಲಾಖೆ, ಆಸ್ಪತ್ರೆಗೊಂದು, ಸ್ಕೂಲಿಗೊಂದು, ಮನೆಗೊಂದು, ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಾಗಲ್ಲ, ಎಲ್ಲಾ ಒಟ್ಟಿಗೆ ಸೇರಿಸಿ ಮೇಲೊಬ್ಬ ಖಡಕ್ ಅಧಿಕಾರಿನ ಕೂರಿಸಿದ್ರೆ ಆಗಲ್ವಾ ಅಂತ.

ಆಗಲ್ಲ.

ಅಮ್ಮನಿಗೆ ಕಾಯಿಲೆ ಬಂದ್ರೆ ಮಗಳು ಸ್ಕೂಲು ಬಿಟ್ಟು ತಮ್ಮನ್ನ ನೋಡ್ಕೋತಾಳೆ, ಅಪ್ಪ ಔಷಧಿಗೆ ಸಾಲ ಮಾಡ್ತಾನೆ. ಇಲ್ಲಿ ಡಾಕ್ಟರೂ ಬೇಕು, ಮೇಷ್ಟ್ರೂ ಬೇಕು, ಬ್ಯಾಂಕಿನವರೂ ಬೇಕು. ಅಷ್ಟೂ ಜನಾನ ಒಂದೇ ಬೋರ್ಡಿನ ಕೆಳಗೆ ತಂದ್ರೆ ನಿನ್ನೆ ಇಲಾಖೆಗಳ ಮಧ್ಯೆ ಇದ್ದ ಗೋಡೆ ಇವತ್ತು ವಿಭಾಗಗಳ ಮಧ್ಯೆ ಏಳುತ್ತೆ. ಹೋಗ್ಲಿ, ಹಳೇದನ್ನ ಹಾಗೇ ಬಿಟ್ಟು ಹೊಸದೊಂದು ಇಲಾಖೆ ಹುಟ್ಟಿಸಿದ್ರೆ? ಉಳಿದವರು "ಬಡವರ ವಿಷಯಾನಾ, ಅದು ಅವರದ್ದು" ಅಂತ ಕೈ ತೊಳ್ಕೋತಾರೆ, ಅದು ಇನ್ನೂ ಕೆಟ್ಟದ್ದು.

ತಕ್ಷಣ "ಬ್ರೆಜಿಲ್ ಎಲ್ಲಾನೂ ಒಂದು ಮಾಡಿತಲ್ಲ ಸಾರ್" ಅಂತಾರೆ. ಏನನ್ನ ಒಂದು ಮಾಡಿತು ನೋಡಿ! 2003ರಲ್ಲಿ ಬೋಲ್ಸಾ ಫಮಿಲಿಯಾ, ಅಂದ್ರೆ ಮಕ್ಕಳು ಸ್ಕೂಲಿಗೆ ಹೋಗ್ಬೇಕು, ಲಸಿಕೆ ಹಾಕಿಸ್ಬೇಕು ಅನ್ನೋ ಷರತ್ತಿನ ಮೇಲೆ ಬಡ ಕುಟುಂಬಕ್ಕೆ ದುಡ್ಡು ಕೊಡೋ ಯೋಜನೆ, ಬಂದಾಗ ಬೇರೆ ಬೇರೆ ಸಚಿವಾಲಯಗಳ ಕೈಲಿದ್ದ 4 ಸಹಾಯಧನ ಯೋಜನೆಗಳನ್ನ ಕೂಡಿಸಿದ್ರು, ಶಿಕ್ಷಣದವರದ್ದು, ಆರೋಗ್ಯದವರದ್ದು, ಆಹಾರದ್ದು, ಅಡುಗೆ ಗ್ಯಾಸಿಂದು. ಸ್ಕೂಲು ಆಸ್ಪತ್ರೆಗಳನ್ನ ಯಾರೂ ಕೂಡಿಸಲಿಲ್ಲ. ಮಕ್ಕಳ ಹಾಜರಿ ನೋಡೋರು ಶಿಕ್ಷಣದವರೇ, ಲಸಿಕೆ ನೋಡೋರು ಆರೋಗ್ಯದವರೇ. ಒಂದಾಗಿದ್ದು ಕುಟುಂಬಗಳ ಪಟ್ಟಿ ಮತ್ತೆ ದುಡ್ಡು ಹೋಗೋ ದಾರಿ, ಇದನ್ನ ದಯವಿಟ್ಟು ನೆನಪಿಟ್ಕೊಳಿ.

ಚಿಲಿ ದೇಶದ್ದು ಬೇರೆ ದಾರಿ, ನಂಗೆ ತುಂಬಾ ಇಷ್ಟವಾದದ್ದು. 2002ರಲ್ಲಿ ಶುರುವಾದ ಚಿಲಿ ಸೊಲಿಡಾರಿಯೋ ಅನ್ನೋ ಯೋಜನೆಯಲ್ಲಿ ಒಬ್ಬ ಸಹಾಯಕರು 2 ವರ್ಷ ಕಡುಬಡ ಕುಟುಂಬದ ಮನೆಗೇ ಹೋಗ್ತಿದ್ರು, 53 ಕನಿಷ್ಠ ಅಗತ್ಯಗಳ ಪಟ್ಟಿ ಹಿಡ್ಕೊಂಡು. ಗುರುತಿನ ಚೀಟಿ ಇದೆಯಾ, ನೀರು ಶುದ್ಧ ಇದೆಯಾ, ಮನೇಲಿ ಒಬ್ರಿಗಾದ್ರೂ ಖಾಯಂ ದುಡಿಮೆ ಇದೆಯಾ, ಹೀಗೆ. ಇಲಾಖೆಗಳು ಇದ್ದಲ್ಲೇ ಇದ್ವು, ಬಡವರು ಕಚೇರಿಯಿಂದ ಕಚೇರಿಗೆ ಅಲೆಯೋದರ ಬದಲು ಸರ್ಕಾರದ ಕಡೆಯವರೇ ಅವರನ್ನ ಎಲ್ಲಾ ಇಲಾಖೆಗಳ ಜೊತೆ ಜೋಡಿಸಿದ್ರು. ಸವಲತ್ತು ಪಡೆಯೋರು ಹೆಚ್ಚಾದ್ರು, ಆದ್ರೆ ಉದ್ಯೋಗದಲ್ಲಿ ಅಷ್ಟು ಫಲ ಕಾಣಲಿಲ್ಲ. ಇಲ್ಲದ ಕೆಲಸಾನ ಸಮನ್ವಯ ಹುಟ್ಟಿಸಲ್ಲ, ಸ್ವಾಮಿ.

ಕೋಸ್ಟರಿಕಾ ದೇಶ 2015ರಲ್ಲಿ ಬಹುಆಯಾಮದ ಬಡತನ ಸೂಚ್ಯಂಕ ತಂತು, ಅಂದ್ರೆ ಬರೀ ಆದಾಯ ಅಲ್ಲ, ಶಿಕ್ಷಣ, ಆರೋಗ್ಯ, ಮನೆ ಇಂಥಾ ಕೊರತೆಗಳನ್ನೂ ಅಳೆಯೋ ಲೆಕ್ಕ, ಆಮೇಲೆ ಅದನ್ನ ಇಟ್ಕೊಂಡು ಬಜೆಟ್ ಎಲ್ಲಿಗೆ ಹೋಗ್ಬೇಕು ಅಂತ ನೋಡೋಕೆ ಶುರು ಮಾಡಿತು. ಇದೂ ಮುಖ್ಯ, ಯಾಕಂದ್ರೆ ಮೀಟಿಂಗಲ್ಲಿ ತಲೆ ಆಡಿಸಿದ ಅಧಿಕಾರಿ ವಾಪಸ್ ಹೋಗಿ ಕೇಳೋದು ತನ್ನ ಇಲಾಖೆಯ ಗುರಿ ಏನು, ಅನುದಾನ ಎಷ್ಟು ಅಂತಲೇ.

ಇನ್ನೊಂದು ವಿಷ್ಯ, ಇದನ್ನ ಯಾರೂ ಕೇಳಲ್ಲ, ಕೇಳ್ಬೇಕಿತ್ತು. ಕುಟುಂಬಗಳ ಪಟ್ಟಿ ಒಂದೇ ಆದ್ಮೇಲೆ ಅದರಲ್ಲಿ ಹೆಸರೇ ಇಲ್ಲದವರ ಗತಿ? ಮುಂಚೆ ಒಂದು ಕಡೆ ತಪ್ಪಾದ್ರೆ ಒಂದು ಸವಲತ್ತು ಹೋಗ್ತಿತ್ತು, ಈಗ ಎಲ್ಲಾ ಬಾಗಿಲೂ ಒಂದೇ ಏಟಿಗೆ ಮುಚ್ಚುತ್ತೆ. ಬ್ರೆಜಿಲ್‌ನಲ್ಲಿ 2 ವರ್ಷಕ್ಕೊಮ್ಮೆಯಾದ್ರೂ ಮಾಹಿತಿ ಹೊಸದು ಮಾಡಿಸ್ಬೇಕು ಅನ್ನೋ ನಿಯಮ ಇದೆ, ಆದ್ರೆ ಆ 2 ವರ್ಷದ ಮಧ್ಯೆ ಗಂಡ ತೀರ್ಕೊಂಡ ಹೆಂಗಸು, ಕೆಲಸ ಹುಡುಕಿ ಊರು ಬಿಟ್ಟ ಕುಟುಂಬ ಎಲ್ಲಿ ಹೋಗಿ ಯಾರನ್ನ ಕೇಳ್ಬೇಕು, ಎಷ್ಟು ದಿನದಲ್ಲಿ ಉತ್ತರ ಸಿಗ್ಬೇಕು, ಪಟ್ಟಿ ಮಾಡೋ ದಿನವೇ ಇದನ್ನೂ ಬರ್ದಿಡ್ಬೇಕು.