ಮೈಲುತುತ್ತ ಮಣ್ಣಿಗಿಳಿದ ಮೇಲೆ

ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದ ವಾರ. ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ದ್ರಾಕ್ಷಿ ತೋಟವೊಂದರಲ್ಲಿ ಒಂದು ಡ್ರಮ್ಮಿನಲ್ಲಿ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು, ಇನ್ನೊಂದರಲ್ಲಿ ಅರಳಿಸಿದ ಸುಣ್ಣ. ಎರಡನ್ನೂ ಬೆರೆಸಿದ ರೈತರು ಆ ತಿಳಿನೀಲಿ ದ್ರಾವಣದಲ್ಲಿ ಕುಡುಗೋಲನ್ನು ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಮೇಲೆತ್ತಿದರು. ಅಲಗಿನ ಮೇಲೆ ಕೆಂಪು ಲೇಪ ಕೂತಿತ್ತು. ‘ಇನ್ನಷ್ಟು ಸುಣ್ಣ ಬೇಕು’ ಎಂದರು. ಕಬ್ಬಿಣಕ್ಕೆ ಹಾಗೆ ಅಂಟುವುದು ಸುಣ್ಣಕ್ಕೆ ಸಿಗದೆ ಉಳಿದ ತಾಮ್ರ, ಎಲೆಯನ್ನೇ ಸುಡುವಂಥದ್ದು.

ಕುಡುಗೋಲು ಎಲೆಯ ಕಥೆ ಹೇಳುತ್ತದೆ. ನನ್ನ ಚಿಂತೆ ಮಣ್ಣಿನದು. ಈ ಮಿಶ್ರಣವೇ ಬೋರ್ಡೋ ದ್ರಾವಣ, ಬಳ್ಳಿಯ ಬೂಜುರೋಗಕ್ಕೆ ಹೊಡೆಯುವ ಔಷಧ. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಬೇಕು. ಅದರ ಕಾಲು ಭಾಗ ತಾಮ್ರ. ಎಕರೆಗೆ 400 ಲೀಟರ್ ಹೊಡೆದರೆ ಒಂದೇ ಸಲಕ್ಕೆ 1 ಕಿಲೋ ತಾಮ್ರ ತೋಟಕ್ಕಿಳಿಯುತ್ತದೆ. ಬೇರೆ ಬಹುತೇಕ ಔಷಧಗಳು ಕಾಲಕ್ರಮೇಣ ಒಡೆದು ಹೋಗುತ್ತವೆ. ತಾಮ್ರ ಮೂಲಧಾತು, ಒಡೆಯುವ ಮಾತೇ ಇಲ್ಲ. ಮಳೆಗೆ ತೊಳೆದು, ಉದುರಿದೆಲೆಯೊಂದಿಗೆ ಕೊಳೆತು, ಮೇಲಿನ ಒಂದು ಗೇಣು ಮಣ್ಣಿನಲ್ಲೇ ಹೆಚ್ಚಾಗಿ ಉಳಿಯುತ್ತದೆ.

ಫ್ರಾನ್ಸಿನ ಮೆಡೋಕ್ ಪ್ರದೇಶದಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ತಾಮ್ರ, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಡೌನಿ ಬೂಜುರೋಗ ತಗಲದ್ದನ್ನು ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಈ ದ್ರಾವಣವನ್ನು ಲೋಕಕ್ಕೆ ತಿಳಿಸಿದರು. ಅದೇ ವರ್ಷ ಜರ್ಮನಿಯ ಬೌಮನ್, ಸತುವಿನ ಗಣಿ ನೆಲದಲ್ಲಿ ಬೆಳೆದ ಪುಟ್ಟ ಗಿಡಗಳ ಒಣಗಿದ ಎಲೆಯಲ್ಲಿ ಶೇ 1ಕ್ಕೂ ಹೆಚ್ಚು ಸತು ಇರುವುದನ್ನು ದಾಖಲಿಸಿದರು. ಲೋಹವನ್ನು ಹೊಲಕ್ಕೆ ತಂದ ಶೋಧ, ಲೋಹವನ್ನು ಹೊಟ್ಟೆಯಲ್ಲಿಟ್ಟುಕೊಂಡೂ ಬದುಕುವ ಗಿಡದ ಶೋಧ, ಎರಡೂ ಒಂದೇ ವರ್ಷದವು.

ಲೋಹವನ್ನು ತಾಳುವ ಈ ಶಕ್ತಿ ರಕ್ತಗತವೇ, ರೂಢಿಯೇ? 1952ರಲ್ಲಿ ಸಸ್ಯವಿಜ್ಞಾನಿ ಬ್ರಾಡ್‌ಶಾ ವೇಲ್ಸ್‌ನ ಗಣಿತ್ಯಾಜ್ಯದ ಮೇಲಿನ ಹುಲ್ಲು ಸೀಸ ತಾಳುವುದನ್ನೂ, ಪಕ್ಕದ ಗೋಮಾಳದ ಅದೇ ಜಾತಿಯ ಹುಲ್ಲು ತಾಳದಿರುವುದನ್ನೂ ತೋರಿಸಿದರು. ಕ್ಯಾಲಿಫೋರ್ನಿಯಾದ ತಾಮ್ರಗಣಿ ನೆಲದ ಮಿಮುಲಸ್ ಹೂಗಿಡದಲ್ಲಿ ತಾಳುವ ಶಕ್ತಿ ಮುಖ್ಯವಾಗಿ ಒಂದೇ ವಂಶವಾಹಿಯಲ್ಲಿದೆ ಎಂದು 1983ರಲ್ಲಿ ಮ್ಯಾಕ್‌ನೇರ್ ಕಂಡರು.

ಆಮೇಲಿನ ತಿರುವು ನಮಗೆ ಪರಿಚಿತ ಗಿಡದಿಂದಲೇ ಬಂತು. 1985ರಲ್ಲಿ ಮ್ಯೂನಿಕ್‌ನ ಗ್ರಿಲ್, ವಿನ್ನಾಕರ್, ಜೆಂಕ್ ಅವರು ಸರ್ಪಗಂಧದ ಕೋಶಗಳಿಗೆ ಕ್ಯಾಡ್ಮಿಯಂ ಉಣಿಸಿ, ಲೋಹವನ್ನು ಹಿಡಿದು ಕಟ್ಟುವ ಸಣ್ಣ ಅಣುಗಳನ್ನು ಬೇರ್ಪಡಿಸಿದರು. ಫೈಟೋಕೆಲಾಟಿನ್ ಎಂಬ ಈ ಅಣುವಿನ ತುಂಬ ಗಂಧಕವಿದೆ. ಲೋಹವನ್ನು ಕಚ್ಚಿ ಹಿಡಿಯುವುದು ಅದೇ. ಇದನ್ನು ಕಟ್ಟುವ ಕಿಣ್ವ ಕೋಶದಲ್ಲಿ ಮೊದಲೇ ಸಿದ್ಧವಾಗಿ ಕೂತಿರುತ್ತದೆ, ಲೋಹ ಒಳಬಂದೊಡನೆ ಕೆಲಸಕ್ಕೆ ಇಳಿಯುತ್ತದೆ. ಆ ಕಿಣ್ವದ ವಂಶವಾಹಿಯನ್ನು 1999ರಲ್ಲಿ ಮೂರು ತಂಡಗಳು ಬೇರೆಬೇರೆಯಾಗಿ ಹಿಡಿದವು. ಕಟ್ಟಿಹಾಕಿದ ಲೋಹವನ್ನು ಕೋಶದೊಳಗಿನ ರಸದ ಚೀಲವಾದ ರಸದಾನಿಗೆ ತಳ್ಳಿ ಬಾಗಿಲು ಹಾಕುವ ಪಂಪುಗಳೂ ಇವೆ. 2008ರಲ್ಲಿ ಸತುವನ್ನು ಎಲೆಯಲ್ಲಿ ತುಂಬಿಕೊಳ್ಳುವ ಅರಬಿಡಾಪ್ಸಿಸ್ ಹಲೇರಿ ಎಂಬ ಗಿಡದಲ್ಲಿ, ಬೇರಿನಿಂದ ಎಲೆಯತ್ತ ಸತು ಕಳಿಸುವ ಎಚ್‌ಎಂಎ4 ಎಂಬ ಬೇರೊಂದು ಪಂಪಿನ ವಂಶವಾಹಿ ಮೂರು ಪ್ರತಿಗಳಾಗಿ ಹೆಚ್ಚಿದ್ದು ಕಂಡಿತು. ಹೊಸದನ್ನೇನೂ ಹುಟ್ಟಿಸದೆ ಇದ್ದದ್ದನ್ನೇ ನಕಲು ಮಾಡಿ ಜೋರಾಗಿ ಓಡಿಸಿದೆ ಆ ಗಿಡ. ಇದನ್ನು ಓದಿದಾಗಲೆಲ್ಲ ನನಗೆ ಗಿಡದ ಮೇಲೆ ಗೌರವ ಹೆಚ್ಚುತ್ತದೆ.

ತಾಮ್ರದ ಕಾವಲಲ್ಲಿ ಮೆಟಲೋಥಯೋನಿನ್ ಎಂಬ ಪ್ರೋಟೀನುಗಳಿಗೂ ಎಚ್‌ಎಂಎ5 ಪಂಪಿಗೂ ದೊಡ್ಡ ಪಾತ್ರ. ಆ ಪಂಪು ಕೆಟ್ಟ ಅರಬಿಡಾಪ್ಸಿಸ್ ಗಿಡ ಹೆಚ್ಚು ತಾಮ್ರಕ್ಕೆ ಬೇಗ ಸೋಲುತ್ತದೆಂದು 2006ರಲ್ಲಿ ತಿಳಿಯಿತು.

ದ್ರಾಕ್ಷಿಬಳ್ಳಿ ಗಣಿಹುಲ್ಲಿನಂಥದ್ದಲ್ಲ. ಅದು ತಾಮ್ರವನ್ನು ಬಹುಪಾಲು ಬೇರಿನಲ್ಲೇ ತಡೆದು ಚಿಗುರು, ಹಣ್ಣನ್ನು ಕಾಯುತ್ತದೆ. ಹಳೆಯ ಬಳ್ಳಿಯ ಬೇರು ಆಳಕ್ಕಿಳಿದಿರುತ್ತದೆ, ಹಾಗಾಗಿ ತೊಂದರೆ ಕಣ್ಣಿಗೆ ಬೀಳುವುದಿಲ್ಲ. ಬಳ್ಳಿ ಕಿತ್ತು ಹೊಸ ಸಸಿ ನೆಟ್ಟಾಗ, ಇಲ್ಲವೇ ತೊಗರಿ ಬಿತ್ತಿದಾಗ, ಎಳೆಯ ಬೇರು ಮೊದಲು ಮುಟ್ಟುವುದು ಆ ಮೇಲಿನ ಗೇಣನ್ನೇ. ನಮ್ಮ ಸುಣ್ಣಕಲ್ಲಿನ ಎರೆಮಣ್ಣು ತಾಮ್ರವನ್ನು ಬಿಗಿಯಾಗಿ ಹಿಡಿಯುತ್ತದೆ, ಅದು ಈ ಸೀಮೆಯ ಭಾಗ್ಯ. ಆದರೆ ಹಿಡಿದದ್ದು ಅಲ್ಲೇ ಇರುತ್ತದೆ.

ಯುರೋಪ್ 2019ರಿಂದ ಹೆಕ್ಟೇರಿಗೆ 7 ವರ್ಷಕ್ಕೆ 28 ಕಿಲೋ ತಾಮ್ರವೆಂದು ಮಿತಿ ಹಾಕಿದೆ. ನಮ್ಮಲ್ಲಿ 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ತಾಮ್ರವೂ ಒಂದು, ಆದರೆ ರೈತರು ಅಲ್ಲಿ ನೋಡುವುದು ಕೊರತೆ ಇದೆಯೇ ಎಂದು ಮಾತ್ರ. ‘ಸಾಕಷ್ಟಿದೆ’ ಎಂಬ ಮಾತಿಗೆ ತೃಪ್ತರಾಗದೆ ಅದರ ಪಕ್ಕದ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಬಳ್ಳಿ ಕೀಳುವ ಮುನ್ನ ಮೇಲಿನ ಗೇಣಿನ ಮಣ್ಣನ್ನು ಒಂದು ಚೀಲಕ್ಕೆ, ಕೆಳಗಿನದನ್ನು ಇನ್ನೊಂದಕ್ಕೆ ತುಂಬಿ ಪರೀಕ್ಷೆಗೆ ಕೊಡಿ.