ಬಚ್ಚಲಲ್ಲಿ ಬಿದ್ದ ಅಮ್ಮ ಊರಲ್ಲಿ ಒಬ್ಬರೇ ಇರಬಹುದೇ?

ಓದುಗರ ಪ್ರಶ್ನೆ: ಅಮ್ಮನಿಗೆ 76 ವರ್ಷ. ಮೂಡಿಗೆರೆ ಕಡೆಯ ಹಳ್ಳಿಯಲ್ಲಿ ಹಳೇ ಮನೆ, ಒಬ್ಬರೇ ಇದ್ದಾರೆ. ಬಿ.ಪಿ., ಶುಗರ್ ಎರಡಕ್ಕೂ ಮಾತ್ರೆ ಇದೆ. ಹೋದ ತಿಂಗಳು ಸ್ನಾನ ಮುಗಿಸಿ ಮಣೆಯಿಂದ ಏಳುವಾಗ ಬಚ್ಚಲಲ್ಲೇ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಬೆಂಗಳೂರಿಗೆ ಬಾ ಅಂದರೆ ಸುತರಾಂ ಒಪ್ಪುವುದಿಲ್ಲ. ಅವರನ್ನು ಅಲ್ಲೇ ಬಿಡಬಹುದಾ? ಬಿಟ್ಟರೆ ಏನೇನು ಮಾಡಬೇಕು?

ಬಿಡಬಹುದು, ಆದರೆ ಈಗ ಇರುವ ಹಾಗೆಯೇ ಬಿಡುವುದಲ್ಲ. 65 ದಾಟಿದವರಲ್ಲಿ ನೂರಕ್ಕೆ 28ರಿಂದ 35 ಮಂದಿ ಪ್ರತಿ ವರ್ಷ ಬೀಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಇನ್ನೂ ಹೆಚ್ಚು. ಹಾಗಾಗಿ ಏಟಾಗಲಿಲ್ಲ ಎಂದು ಸುಮ್ಮನಾಗಬೇಡಿ.

ನೀವು ಕೊಟ್ಟ ವಿವರದಲ್ಲಿ ಮುಖ್ಯವಾದದ್ದು ಅವರು ಬಿದ್ದ ಹೊತ್ತು. ಜಾರಿ ಬೀಳುವವರು ಒದ್ದೆ ನೆಲಕ್ಕೆ ಕಾಲಿಡುವಾಗಲೋ ಹೊರಗೆ ಬರುವಾಗಲೋ ಜಾರುವುದೇ ಹೆಚ್ಚು. ಕೂತಲ್ಲಿಂದ ಏಳುವಾಗ ಬಿದ್ದರೆ ಮೊದಲು ಅನುಮಾನಪಡಬೇಕಾದ್ದು ನೆಲವನ್ನಲ್ಲ, ಬಿ.ಪಿ.ಯನ್ನು ಮತ್ತು ತೊಡೆಯ ಬಲವನ್ನು. ಮನೆಯವರು ಮಾಡುವುದು ಉಲ್ಟಾ. ಮೊದಲು ರಬ್ಬರ್ ಮ್ಯಾಟ್ ತಂದು ಹಾಸುತ್ತಾರೆ, ಆಮೇಲೆ ಬೆಂಗಳೂರಿನ ಮಾತೆತ್ತುತ್ತಾರೆ. ಅಮ್ಮನನ್ನು ನಿಲ್ಲಿಸಿ ಒಮ್ಮೆ ಬಿ.ಪಿ. ನೋಡೋಣ ಎಂದು ಯಾರಿಗೂ ಹೊಳೆಯುವುದಿಲ್ಲ.

ನಿಲ್ಲಿಸಿ ಬಿ.ಪಿ. ನೋಡಿ

ಆಸ್ಪತ್ರೆಯಲ್ಲಿ ಬಿ.ಪಿ. ನೋಡುವುದು ಕೂರಿಸಿ. ಕೂತಾಗ 140 ಇರುವವರಿಗೆ ನಿಂತ ಕೂಡಲೇ 110ಕ್ಕೆ ಇಳಿಯಬಹುದು, ಅದು ಅಲ್ಲಿ ಗೊತ್ತೇ ಆಗುವುದಿಲ್ಲ. ತೋಳಿಗೆ ಪಟ್ಟಿ ಸುತ್ತುವ ಡಿಜಿಟಲ್ ಮೆಷಿನ್ ಇದ್ದರೆ ಮನೆಯಲ್ಲೇ ನೋಡಬಹುದು. ಅಮ್ಮ ಐದು ನಿಮಿಷ ಮಲಗಿರಲಿ, ಒಮ್ಮೆ ಅಳೆಯಿರಿ. ಪಟ್ಟಿ ಬಿಚ್ಚದೆ ನಿಲ್ಲಿಸಿ. ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ ಅಳೆಯಿರಿ. ನೀವು ಪಕ್ಕದಲ್ಲೇ ನಿಂತಿರಬೇಕು, ಹಿಂದೆ ಒಂದು ಕುರ್ಚಿ ಇರಬೇಕು. ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಕೆಳಗಿನದು 10 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಕಾರಣ ಸಿಕ್ಕಿತು ಎಂದೇ ಲೆಕ್ಕ. ಬೆಳಿಗ್ಗೆ ಮಾತ್ರೆಗೆ ಮುಂಚೆ ಒಂದು ಸಲ, ಮಾತ್ರೆ ನುಂಗಿ ಎರಡು ತಾಸಾದ ಮೇಲೆ ಒಂದು ಸಲ ಹೀಗೆ ನೋಡಿ. ಎರಡು ಮೂರು ದಿನದ ಅಂಕಿಗಳನ್ನು ಬರೆದು ಡಾಕ್ಟರಿಗೆ ಕೊಡಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಯಾವುದನ್ನು ಕಡಿಮೆ ಮಾಡಬೇಕು, ಯಾವುದನ್ನು ರಾತ್ರಿಗೆ ಹಾಕಬೇಕು ಎಂಬುದನ್ನು ಅವರು ಹೇಳಲಿ.

ಮಲೆನಾಡಿನ ಸ್ನಾನ ಈ ತೊಂದರೆಗೆ ಹೇಳಿ ಮಾಡಿಸಿದ ಹಾಗಿದೆ. ಹಂಡೆಯ ಸುಡುನೀರು ಮೈಮೇಲೆ ಬಿದ್ದಾಗ ಚರ್ಮದ ರಕ್ತನಾಳಗಳು ಹಿಗ್ಗಿ ಬಿ.ಪಿ. ಇಳಿಯುತ್ತದೆ. ಬೆಳಿಗ್ಗೆಯ ಬಿ.ಪಿ. ಮಾತ್ರೆ ಅದೇ ಹೊತ್ತಿಗೆ ಕೆಲಸ ಶುರು ಮಾಡಿರುತ್ತದೆ. ಗೇಣುದ್ದದ ಮಣೆಯ ಮೇಲೆ ಮಂಡಿ ಮಡಚಿ ಕೂತವರು ದಿಢೀರನೆ ಎದ್ದಾಗ ರಕ್ತ ಕಾಲಿನಲ್ಲೇ ಉಳಿದು ತಲೆಗೆ ಸಾಲದಾಗುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಕೂರುವ ಮುಂಚೆಯೇ ತಣ್ಣೀರು ಬೆರೆಸಿ ನೀರನ್ನು ಹದ ಮಾಡಿಕೊಳ್ಳಬೇಕು. ಕೊನೆಯ ತಂಬಿಗೆ ಹೊಯ್ದ ಮೇಲೆ ಕೂತಲ್ಲೇ ಮೈ ಒರೆಸಿ, ಹತ್ತು ಹದಿನೈದು ಸಲ ಪಾದವನ್ನು ಮೇಲೆ ಕೆಳಗೆ ಆಡಿಸಿ, ಮುಷ್ಟಿ ಬಿಗಿದು ಬಿಟ್ಟು, ಆಮೇಲೆ ಏಳಬೇಕು. ಎದ್ದು ಹತ್ತು ಎಣಿಸುವ ತನಕ ಹೆಜ್ಜೆ ಇಡುವಂತಿಲ್ಲ.

ಶುಗರ್ ಇರುವವರಿಗೆ ಇನ್ನೊಂದು ಅಪಾಯವಿದೆ. ಏಳು ಗಂಟೆಗೆ ಗ್ಲಿಮಿಪಿರೈಡ್ ಎಂಬ ಶುಗರ್ ಮಾತ್ರೆ ನುಂಗಿ, ಸ್ನಾನ, ಪೂಜೆ ಎಲ್ಲ ಮುಗಿಸಿ ಒಂಬತ್ತೂವರೆಗೆ ತಿಂಡಿ ತಿನ್ನುವ ಹಿರಿಯರು ಮನೆಮನೆಯಲ್ಲಿದ್ದಾರೆ. ಈ ನಡುವೆ ಶುಗರ್ ಕುಸಿದು ಬೆವರು, ನಡುಕ, ತಲೆಸುತ್ತು ಬರುತ್ತದೆ. ಆ ಮಾತ್ರೆಯನ್ನು ತಿಂಡಿಯ ತಟ್ಟೆ ಮುಂದೆ ಬಂದ ಮೇಲೆಯೇ ನುಂಗಬೇಕು. ಮೆಟ್‌ಫಾರ್ಮಿನ್ ಎಂಬ ಇನ್ನೊಂದು ಶುಗರ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಬಿ12 ವಿಟಮಿನ್ ಕಡಿಮೆಯಾಗಿ ಅಂಗಾಲು ಜೋಮು ಹಿಡಿದಂತಿರುತ್ತದೆ. ಕಾಲಡಿಯ ನೆಲ ಗೊತ್ತಾಗದವರು ಕತ್ತಲಲ್ಲಿ ವಾಲುತ್ತಾರೆ. ಒಂದು ರಕ್ತಪರೀಕ್ಷೆಯಲ್ಲಿ ಇದು ತಿಳಿಯುತ್ತದೆ.

ಮನೆಯಲ್ಲಿರುವ ಅಷ್ಟೂ ಮಾತ್ರೆಗಳನ್ನು ಒಂದು ಚೀಲಕ್ಕೆ ಹಾಕಿ ಡಾಕ್ಟರ ಮುಂದೆ ಸುರಿಯಿರಿ. ಚೀಟಿ ಇಲ್ಲದೆ ಮೆಡಿಕಲ್ ಶಾಪಿನಿಂದ ತಂದ ನೆಗಡಿ ಮಾತ್ರೆ, ತುರಿಕೆ ಮಾತ್ರೆ, ನಿದ್ದೆ ಮಾತ್ರೆಗಳೂ ಅದರಲ್ಲಿರಲಿ. ಇವು ಮಂಪರು ತರಿಸುತ್ತವೆ, ಆಲ್‌ಪ್ರಜೋಲಮ್‌ನಂಥ ನಿದ್ದೆ ಮಾತ್ರೆಯ ಮಂಪರು ಮರುದಿನ ಬೆಳಿಗ್ಗೆಯೂ ಉಳಿಯಬಹುದು. ಇಬ್ಬರು ಡಾಕ್ಟರ ಬಳಿ ಹೋಗುವವರಲ್ಲಿ ಒಂದೇ ಔಷಧಿ ಎರಡು ಕಂಪನಿಯ ಹೆಸರಿನಲ್ಲಿ ಹೊಟ್ಟೆ ಸೇರುತ್ತಿರುವುದೂ ಉಂಟು. ಗಂಡಸರಾದರೆ ಪ್ರಾಸ್ಟೇಟ್ ಮಾತ್ರೆಯೂ ನಿಂತಾಗ ಬಿ.ಪಿ. ಇಳಿಸಬಹುದು.

ಬಚ್ಚಲುಮನೆ

ಮಣೆಯನ್ನು ತೆಗೆದುಬಿಡಿ. ಅಮ್ಮ ನಿಂತಾಗ ಮಂಡಿಯ ಹಿಂಬದಿಯ ಮಡಿಕೆಯಿಂದ ನೆಲಕ್ಕೆ ಎಷ್ಟಿದೆಯೋ ಆಸನ ಅಷ್ಟು ಎತ್ತರ ಇರಬೇಕು. ಸಾಮಾನ್ಯವಾಗಿ 40ರಿಂದ 45 ಸೆಂ.ಮೀ. ಬರುತ್ತದೆ. ಮಂಡಿನೋವಿದ್ದರೆ ಇನ್ನೆರಡು ಸೆಂ.ಮೀ. ಹೆಚ್ಚಿರಲಿ. ಮಾಮೂಲಿ ಪ್ಲಾಸ್ಟಿಕ್ ಕುರ್ಚಿಯ ಕಾಲು ಒದ್ದೆ ಗಾರೆನೆಲದ ಮೇಲೆ ಅಗಲಕ್ಕೆ ಜಾರಿ ಕವಲೊಡೆಯುತ್ತದೆ, ಅದು ಬೇಡ. ಕಾಲಿಗೆ ರಬ್ಬರ್ ಬುರುಡೆ ಇರುವ ಸ್ನಾನದ ಕುರ್ಚಿ ಸಿಗುತ್ತದೆ. ಅದಕ್ಕಿಂತ ನಮಗೆ ಇಷ್ಟವಾದದ್ದು ಗೋಡೆಗೆ ಸೇರಿಸಿ ಕಟ್ಟಿಸುವ ಗಟ್ಟಿ ಕಟ್ಟೆ, ಗಾರೆಯವರಿಗೆ ಒಂದು ದಿನದ ಕೆಲಸ. ಮೇಲೆ ಪಾಲಿಶ್ ಕಲ್ಲು ಹಾಕಿಸಬೇಡಿ, ಸೋಪಿನ ನೀರು ಬಿದ್ದರೆ ಕೂತವರೇ ಜಾರುತ್ತಾರೆ.

ಹಿಡಿಕೆಯ ವಿಷಯದಲ್ಲಿ ತಪ್ಪಾಗುವುದು ಗೋಡೆಯಿಂದ. ನಮ್ಮ ಕಡೆಯ ಹಳೇ ಮನೆಗಳದ್ದು ಮಣ್ಣಿನ ಗೋಡೆ, ಮೇಲೆ ಮಾತ್ರ ಸಿಮೆಂಟ್ ಮತ್ತು ಟೈಲ್ಸ್. ಅದಕ್ಕೆ ಡ್ರಿಲ್ ಮಾಡಿ ಪ್ಲಾಸ್ಟಿಕ್ ಗಟ್ಟ ಹೊಡೆದು ಕೂರಿಸಿದ ಹಿಡಿಕೆ ಟವೆಲ್ಲಿನ ಭಾರ ತಡೆಯುತ್ತದೆ, ಮನುಷ್ಯರ ಭಾರಕ್ಕೆ ಗಟ್ಟದ ಸಮೇತ ಕಿತ್ತು ಬರುತ್ತದೆ. ಮಣ್ಣಿನ ಗೋಡೆಯಾದರೆ ಬೋಲ್ಟನ್ನು ಗೋಡೆಯ ಆಚೆ ಬದಿಗೆ ದಾಟಿಸಿ, ಅಲ್ಲಿ ಅಂಗೈಯಗಲದ ಕಬ್ಬಿಣದ ಪ್ಲೇಟ್ ಕೊಟ್ಟು ನಟ್ ಬಿಗಿಸಬೇಕು. ಇಲ್ಲವಾದರೆ ಗೋಡೆಯ ಸಹವಾಸವೇ ಬೇಡ, ಒಂದೂಕಾಲು ಇಂಚಿನ ಜಿ.ಐ. ಪೈಪನ್ನು ನೆಲದ ಕಾಂಕ್ರೀಟಿನಲ್ಲಿ ಹೂತು, ಮೇಲೆ ಮಾಡಿನ ತೊಲೆಗೆ ಕ್ಲಾಂಪ್ ಹಾಕಿ ಕಂಬದ ಹಾಗೆ ನಿಲ್ಲಿಸಿ. ಕೂತವರ ಬಲಗೈಗೆ ತುಸು ಮುಂದಕ್ಕೆ ಬರಬೇಕು, ಆಗಲೇ ಮುಂದಕ್ಕೆ ಬಾಗಿ ಏಳಲು ಆಗುವುದು. ಗೋಡೆಯ ಹಿಡಿಕೆಯಾದರೆ 32ರಿಂದ 38 ಮಿ.ಮೀ. ದಪ್ಪ, ಗೋಡೆಯಿಂದ ಸುಮಾರು 40 ಮಿ.ಮೀ. ಅಂತರ. ಅಂತರ ಹೆಚ್ಚಾದರೆ ಜಾರಿದಾಗ ಮೊಣಕೈ ಒಳಗೆ ಸಿಕ್ಕಿ ಮುರಿಯುತ್ತದೆ. ಟೈಲ್ಸಿಗೆ ಅಂಟಿಕೊಳ್ಳುವ ರಬ್ಬರ್ ಬಟ್ಟಲಿನ ಹಿಡಿಕೆ ಅಂಗಡಿಯಲ್ಲಿ ನೋಡಲು ಚೆನ್ನ, ನಂಬಬೇಡಿ. ಕೂರಿಸಿದ್ದು ಯಾವುದೇ ಇರಲಿ, ಮನೆಯ ದಪ್ಪ ಮನುಷ್ಯರೊಬ್ಬರು ಪೂರಾ ಭಾರ ಬಿಟ್ಟು ಜಗ್ಗಿ ನೋಡಿದ ಮೇಲೆಯೇ ಅಮ್ಮನ ಕೈಗೆ ಕೊಡಿ.

ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಹೊರಕ್ಕೆ ತೆರೆಯುವಂತೆ ತಿರುಗಿಸಿ. ಬಿದ್ದವರ ಮೈ ಅಡ್ಡ ಬಂದರೆ ಹೊರಗಿನವರು ಬಾಗಿಲು ನೂಕಲು ಆಗುವುದಿಲ್ಲ. ಒಳಚಿಲಕ ತೆಗೆಸಿ. ಒಬ್ಬರೇ ಇರುವ ಮನೆಯಲ್ಲಿ ಅದರ ಅಗತ್ಯವೂ ಇಲ್ಲ. ಎಣ್ಣೆಸ್ನಾನದ ದಿನ ನೆಲಕ್ಕೆ ಸೀಗೆಪುಡಿಯನ್ನೋ ಸೋಪುಪುಡಿಯನ್ನೋ ಹಾಕಿ ಉಜ್ಜಿ ತೊಳೆಯುವುದು ಅಮ್ಮನ ಕೆಲಸವಾಗಬಾರದು, ಕೆಲಸಕ್ಕೆ ಬರುವವರಿಗೆ ಹೇಳಿ. ಹಂಡೆ ಬಿಟ್ಟು ಗ್ಯಾಸ್ ಗೀಸರ್ ಹಾಕಿಸಿದ್ದರೆ ಅದು ಬಚ್ಚಲಿನ ಹೊರಗಿರಬೇಕು. ಮುಚ್ಚಿದ ಬಚ್ಚಲಲ್ಲಿ ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಗೆ ವಾಸನೆ ಇಲ್ಲ, ಬರೀ ತಲೆಸುತ್ತು ಎಂದುಕೊಂಡೇ ಜೀವ ಹೋಗುತ್ತದೆ.

ತೊಡೆಗೆ ಬಲ

ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕೈಗಳನ್ನು ಎದೆಗೆ ಕಟ್ಟಿ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. 75ರಿಂದ 79ರ ಹೆಂಗಸರಿಗೆ 10ಕ್ಕಿಂತ, ಗಂಡಸರಿಗೆ 11ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಸಾಲದು ಎಂದರ್ಥ. ಪರೀಕ್ಷೆಯೂ ಅದೇ, ಮದ್ದೂ ಅದೇ. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಐದು ಸಲ ಎದ್ದು ಕೂರಲಿ, ಮೊದಮೊದಲು ಕೈ ಊರಿದರೂ ಸರಿ. ವಾರ ಕಳೆದಂತೆ ಹತ್ತಕ್ಕೆ ಏರಿಸಿ. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಜಗಲಿಯ ಗೋಡೆ ಹಿಡಿದು ಅಡ್ಡಡ್ಡ ನಡೆಯುವುದು, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ಹತ್ತು ಸೆಕೆಂಡ್ ನಿಲ್ಲುವುದು ಇದಕ್ಕೆ ಸೇರಲಿ. ಇಂಥ ವ್ಯಾಯಾಮದಿಂದ ಬೀಳುವುದು ಸುಮಾರು ಕಾಲುಭಾಗ ಕಡಿಮೆಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಬರೀ ವಾಕಿಂಗಿನಿಂದ ಅಷ್ಟು ಲಾಭವಿಲ್ಲ. ಕಾಡಾನೆ ಓಡಾಡುವ ಊರಿನಲ್ಲಿ ಬೆಳಗಿನ ಜಾವದ ವಾಕಿಂಗ್ ಹೇಗೂ ಬೇಡ, ಜಗಲಿಯೇ ಸಾಕು.

ಊಟ ಗಂಜಿ, ಸಾರನ್ನಕ್ಕೆ ಇಳಿದಿದ್ದರೆ ವ್ಯಾಯಾಮ ಮಾಡಿದರೂ ಬಲ ಬರುವುದಿಲ್ಲ. 50 ಕೆ.ಜಿ. ತೂಕದವರಿಗೆ ದಿನಕ್ಕೆ 50ರಿಂದ 60 ಗ್ರಾಂ ಪ್ರೊಟೀನ್ ಬೇಕು. ಒಂದು ಲೋಟ ಹಾಲು, ಒಂದು ಮೊಟ್ಟೆ, ಒಂದು ಹಿಡಿ ಹುರುಳಿ ಅಥವಾ ಬೇಳೆ, ಪ್ರತಿಯೊಂದರಲ್ಲೂ ಸಿಗುವುದು ಆರೇಳು ಗ್ರಾಂ ಮಾತ್ರ. ಅಕ್ಕಿರೊಟ್ಟಿಗೆ ಬರೀ ಚಟ್ನಿ ಬದಲು ಕಾಳುಪಲ್ಯ ಇರಲಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ.

ಅಂಗಳ, ರಾತ್ರಿ

ಜೂನ್‌ನಿಂದ ಸೆಪ್ಟೆಂಬರ್ ತನಕ ಮೂಡಿಗೆರೆ, ಸಕಲೇಶಪುರದ ಅಂಗಳಗಳಲ್ಲಿ ಪಾಚಿ ಕಟ್ಟದ ಜಾಗವಿಲ್ಲ. ಅಂಗಳವನ್ನೆಲ್ಲ ಉಜ್ಜಲು ಹೋಗಬೇಡಿ. ಬಾಗಿಲಿನಿಂದ ಬಚ್ಚಲು, ಗೇಟು, ನೀರಿನ ತೊಟ್ಟಿಗೆ ಹೋಗುವ ಮೂರಡಿ ಅಗಲದ ದಾರಿಯನ್ನು ಮಾತ್ರ ಕಾಯ್ದುಕೊಳ್ಳಿ. ಅಲ್ಲಿ ಸಿಮೆಂಟ್ ಹಾಕಿಸುವುದಾದರೆ ಹಸಿಯಿದ್ದಾಗಲೇ ಪೊರಕೆಯಿಂದ ಅಡ್ಡಗೆರೆ ಎಳೆಸಿ. ಪಾಚಿಗೆ ಮಳೆ ಬಿಟ್ಟ ಹೊತ್ತಿನಲ್ಲಿ ಬ್ಲೀಚಿಂಗ್ ಪೌಡರ್ ಉದುರಿಸಿ, ಇಪ್ಪತ್ತು ನಿಮಿಷ ಬಿಟ್ಟು ಗಟ್ಟಿ ಬ್ರಷ್ಷಿನಿಂದ ಉಜ್ಜಬೇಕು. ಅದರ ಜೊತೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬೆರೆಸಿದರೆ ವಿಷಗಾಳಿ ಏಳುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಕೊಡಿಸಿ, ಸವೆದ ಹವಾಯಿ ಚಪ್ಪಲಿ ಎಸೆಯಿರಿ. ಹೊಸಿಲಿನ ಮತ್ತು ಮೆಟ್ಟಿಲಿನ ಅಂಚಿಗೆ ಎರಡು ಬೆರಳಗಲ ಬಿಳಿ ಬಣ್ಣ ಬಳಿಯಿರಿ. ಕಣ್ಣಿನ ಪೊರೆ ಇದ್ದರೆ ಆಪರೇಷನ್ ಮುಂದೂಡಬೇಡಿ.

ಶೌಚಾಲಯ ಮನೆಯಿಂದ ಹೊರಗಿದ್ದರೆ ರಾತ್ರಿಗೆ ಮಂಚದ ಪಕ್ಕ ಕಮೋಡ್ ಕುರ್ಚಿ ಇಡಿ. ಅಮ್ಮ ಮೊದಲು ಬೇಡ ಅನ್ನುತ್ತಾರೆ, ಒಂದು ಜಡಿಮಳೆಯ ರಾತ್ರಿ ಕಳೆದ ಮೇಲೆ ಒಪ್ಪುತ್ತಾರೆ. ಕರೆಂಟ್ ಹೋದರೂ ಉರಿಯುವ ಚಾರ್ಜಿಂಗ್ ಬಲ್ಬ್ ಒಂದನ್ನು ಮಲಗುವ ಕೋಣೆಗೆ, ಒಂದನ್ನು ದಾರಿಗೆ ಹಾಕಿಸಿ.

ಬಿದ್ದೇಬಿಟ್ಟರೆ

ನೀವು ಊರಿಗೆ ಹೋದಾಗ ಒಮ್ಮೆ ಚಾಪೆಯ ಮೇಲೆ ಅಭ್ಯಾಸ ಮಾಡಿಸಿ. ಮೊದಲು ಒಂದು ಮಗ್ಗುಲಿಗೆ ಹೊರಳುವುದು, ಮೊಣಕೈ ಊರಿ ನಾಲ್ಕು ಕಾಲಿಗೆ ಬರುವುದು, ಅಂಬೆಗಾಲಲ್ಲಿ ಮಂಚದ ಬಳಿಗೆ ಹೋಗುವುದು, ಎರಡೂ ಕೈ ಮಂಚದ ಮೇಲಿಟ್ಟು ಗಟ್ಟಿ ಕಾಲನ್ನು ಮುಂದೆ ಊರಿ ಏಳುವುದು. ಸೊಂಟ ಅಥವಾ ತೊಡೆಸಂದಿ ನೋಯುತ್ತಿದ್ದರೆ ಏಳುವ ಪ್ರಯತ್ನವೇ ಬೇಡ, 108ಕ್ಕೆ ಫೋನ್ ಮಾಡಬೇಕು. ಮೊಬೈಲ್ ಕೊರಳಿನ ಚೀಲದಲ್ಲಿರಲಿ. ಆದರೆ ನೆಟ್‌ವರ್ಕ್ ಜಗಲಿಯ ಒಂದು ಮೂಲೆಯಲ್ಲಷ್ಟೇ ಸಿಗುವ ಮನೆಯಲ್ಲಿ ಮೊಬೈಲನ್ನೇ ನಂಬುವಂತಿಲ್ಲ. ಅದೇ ಚೀಲದಲ್ಲಿ ಒಂದು ಸೀಟಿಯೂ ಇರಲಿ. ದಿನಾ ಬೆಳಿಗ್ಗೆ ಎಂಟರೊಳಗೆ ಅಮ್ಮನಿಂದ ಒಂದು ಮಿಸ್ಡ್ ಕಾಲ್ ಬರಬೇಕು, ಬಾರದಿದ್ದರೆ ನೀವು ಪಕ್ಕದ ಮನೆಯವರಿಗೆ ಫೋನ್ ಮಾಡಬೇಕು, ಅವರ ಬಳಿ ಒಂದು ಬೀಗದ ಕೈ ಇರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಉಳಿದೆರಡು ಕೆಲಸಕ್ಕೆ ಬರುವುದಿಲ್ಲ.

ತಲೆಗೆ ಏಟಾಗಿ, ರಕ್ತ ತೆಳುವಾಗಿಸುವ ಮಾತ್ರೆಯೂ ಇದ್ದರೆ ಮೇಲೆ ಗಾಯವಿಲ್ಲದಿದ್ದರೂ ಅವತ್ತೇ ಸಿ.ಟಿ. ಸ್ಕ್ಯಾನ್ ಇರುವ ಕಡೆ, ಚಿಕ್ಕಮಗಳೂರಿಗೋ ಹಾಸನಕ್ಕೋ ಕರೆದೊಯ್ಯಿರಿ. ಹೋದ ತಿಂಗಳ ಬೀಳುವಿಕೆಯಲ್ಲಿ ತಲೆ ತಗುಲಿತ್ತೇ ಎಂದು ಈಗಲೂ ಕೇಳಿ ನೋಡಿ. ವಯಸ್ಸಾದವರಲ್ಲಿ ತಲೆಯೊಳಗೆ ರಕ್ತ ನಿಧಾನಕ್ಕೆ ಜಿನುಗಿ, ಮೂರು ನಾಲ್ಕು ವಾರದ ಮೇಲೆ ತಲೆನೋವು, ಮಂಕುತನ, ಮಾತಿನ ತೊದಲು, ಕಾಲೆಳೆದು ನಡೆಯುವುದು ಕಾಣಿಸಿಕೊಳ್ಳಬಹುದು.

ಒಬ್ಬರೇ ಇರುವುದು ಸಾಧ್ಯವೇ ಇಲ್ಲ ಎಂದು ನಾವು ಹೇಳುವುದು ಎರಡು ಸಂದರ್ಭದಲ್ಲಿ. ಹೇಗೆ ಬಿದ್ದೆ ಎಂದೇ ನೆನಪಿಲ್ಲದಂತೆ ಪ್ರಜ್ಞೆ ತಪ್ಪಿ ಬಿದ್ದಿದ್ದರೆ ಇ.ಸಿ.ಜಿ. ಮತ್ತು ಹೃದಯದ ತಪಾಸಣೆ ಮುಗಿಯುವ ತನಕ ಜೊತೆಗೊಬ್ಬರು ಇರಲೇಬೇಕು. ಇನ್ನೊಂದು ಮರೆವು. ನುಂಗಿದ ಮಾತ್ರೆಯನ್ನೇ ಮತ್ತೆ ನುಂಗುವುದು, ಒಲೆಯ ಮೇಲಿಟ್ಟದ್ದನ್ನು ಪದೇಪದೇ ಸೀಯಿಸುವುದು ಶುರುವಾಗಿದ್ದರೆ ಬಚ್ಚಲನ್ನು ಎಷ್ಟು ಸರಿಪಡಿಸಿದರೂ ಸಾಲದು. ಆಗಲೂ ಬೆಂಗಳೂರೇ ಆಗಬೇಕೆಂದಿಲ್ಲ. ರಾತ್ರಿ ಬಂದು ಮಲಗುವ, ಮಾತ್ರೆ ಎಣಿಸಿ ಕೊಡುವ ಒಬ್ಬರು ಊರಲ್ಲೇ ಸಿಗುತ್ತಾರೋ ಮೊದಲು ವಿಚಾರಿಸಿ. ಹಿರಿಯರಿಗಾಗಿಯೇ ಇರುವ ಎಲ್ಡರ್‌ಲೈನ್ ಸಹಾಯವಾಣಿ 14567ಕ್ಕೆ ಉಚಿತವಾಗಿ ಫೋನ್ ಮಾಡಿಯೂ ಕೇಳಬಹುದು.