ಬೈ-ಆಂಪಿಂಗ್: ನಾಲ್ಕು ಟರ್ಮಿನಲ್ ಇದ್ದರೆ ಸಾಲದು

ಸೆಕೆಂಡ್ ಹ್ಯಾಂಡ್ ಸ್ಪೀಕರ್ ಜಾಹೀರಾತೊಂದರಲ್ಲಿ ‘ಬೈ-ಆಂಪ್ ಸ್ಪೀಕರ್’ ಅನ್ನೋದು ಮತ್ತೆ ಕಣ್ಣಿಗೆ ಬಿತ್ತು. ಫೋಟೊದಲ್ಲಿದ್ದದ್ದು ಹಿಂಬದಿಯ ನಾಲ್ಕು ಟರ್ಮಿನಲ್, ಅಷ್ಟೇ. ಬೈ-ಆಂಪಿಂಗ್ ಅನ್ನೋದು ಸ್ಪೀಕರಿನ ಗುಣ ಅಲ್ಲ, ಜೋಡಿಸುವ ರೀತಿ. ಬಾಸ್ ನುಡಿಸುವ ವೂಫರ್‌ಗೆ ಒಂದು ಪವರ್ ಆಂಪ್ (ಸ್ಪೀಕರನ್ನು ನಡೆಸುವ ಆಂಪ್ಲಿಫೈಯರ್), ಚೂಪು ಸದ್ದಿನ ಟ್ವೀಟರ್‌ಗೆ ಇನ್ನೊಂದು. ಒಂದೇ ಆಂಪಿನಿಂದ ಎರಡು ಜೋಡಿ ವೈರ್ ಎಳೆದರೆ ಅದು ಬೈ-ವೈರಿಂಗ್. ಆಂಪಿನ ಎರಡು ಚಾನೆಲ್ ಸೇರಿಸಿ ಒಂದು ದೊಡ್ಡ ಚಾನೆಲ್ ಮಾಡಿಕೊಂಡರೆ ಅದು ಬ್ರಿಡ್ಜಿಂಗ್. ದಯವಿಟ್ಟು ಮೂರನ್ನೂ ಕಲಸಬೇಡಿ.

ಕಲಸಿದರೆ ಆಂಪ್ ಸುಡುವುದೂ ಉಂಟು. ಆ ನಾಲ್ಕು ಟರ್ಮಿನಲ್‌ಗಳನ್ನು ಎರಡು ಲೋಹದ ಪಟ್ಟಿಗಳು ಬೆಸೆದಿರುತ್ತವೆ, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಬೈ-ವೈರ್ ಮಾಡುವವರು ಪಟ್ಟಿ ತೆಗೆಯಲು ಮರೆತರೆ ಏನೂ ಆಗುವುದಿಲ್ಲ. ಎರಡು ಆಂಪ್ ಹಚ್ಚಿ ಮರೆತರೆ ಒಂದರ ಔಟ್‌ಪುಟ್ ಇನ್ನೊಂದರ ಔಟ್‌ಪುಟ್‌ಗೆ ನೇರ ತಗಲುತ್ತದೆ. ಮೊದಲು ಪಟ್ಟಿ ಬಿಚ್ಚಿ, ಆಮೇಲೆ ವೈರ್ ಮುಟ್ಟಿ.

ಇನ್ನು ವಾಟ್ ಲೆಕ್ಕ. ‘100 ವಾಟಿನ ಆಂಪ್ ಎರಡು ಹಾಕಿದ್ದೇನೆ, ಈಗ ಸ್ಪೀಕರ್‌ಗೆ 200 ವಾಟ್’ ಅನ್ನುವವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಮೊದಲು ನೋಡಬೇಕಾದ್ದು ಬಾಸನ್ನೂ ಚೂಪು ಸದ್ದನ್ನೂ ಬೇರ್ಪಡಿಸುವ ಫಿಲ್ಟರ್ ಆದ ಕ್ರಾಸ್‌ಓವರ್ ಎಲ್ಲಿ ಕೂತಿದೆ ಅನ್ನೋದನ್ನ.

8 ಓಮ್‌ಗೆ 100 ವಾಟ್ ಕೊಡುವ ಆಂಪಿನ ಔಟ್‌ಪುಟ್ ಸುಮಾರು 40 ವೋಲ್ಟ್ ಪೀಕ್‌ವರೆಗೆ ಏರುತ್ತದೆ. ಅದರಾಚೆ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಅದೇ ಕ್ಲಿಪ್ಪಿಂಗ್. ಒಂದು ಭಜನೆಯ ರೆಕಾರ್ಡಿಂಗ್ ಹಾಕಿದ್ದೀರಿ ಅನ್ನಿ. ಡಗ್ಗಾದ ಗುಮುಕಿಗೆ 20 ವೋಲ್ಟ್ ಬೇಕು, ಅದೇ ಕ್ಷಣಕ್ಕೆ ತಾಳದ ಸದ್ದಿಗೂ 20 ವೋಲ್ಟ್ ಬೇಕು. ಎರಡೂ ಸೇರಿ 40. ಆಂಪ್ ಅಂಚಿಗೆ ಬಂತು.

ಈಗ ಎರಡನೇ ಆಂಪ್ ತನ್ನಿ. ಕ್ರಾಸ್‌ಓವರ್ ಸ್ಪೀಕರ್ ಪೆಟ್ಟಿಗೆಯೊಳಗೇ ಇದ್ದರೆ ಅದು ಪ್ಯಾಸಿವ್ ಬೈ-ಆಂಪಿಂಗ್. ಎರಡೂ ಆಂಪಿಗೆ ಪೂರ್ತಿ ಹಾಡೇ ಹೋಗುತ್ತದೆ. ಎರಡೂ 40 ವೋಲ್ಟ್ ಎತ್ತಲೇಬೇಕು. ಕರೆಂಟ್ ಮಾತ್ರ ಹಂಚಿಹೋಗುತ್ತದೆ, ವೋಲ್ಟೇಜ್ ಅಲ್ಲ. ಹಾಗಾಗಿ ಕ್ಲಿಪ್ ಆಗುವ ಜಾಗ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಎವಿ ರಿಸೀವರಿನ (ಹೋಮ್ ಥಿಯೇಟರಿಗೆ ಬಳಸುವ, ಹಲವು ಚಾನೆಲ್‌ಗಳ ಆಂಪಿನ) ಮೆನುವಿನಲ್ಲಿ ಸಿಗುವ ‘ಬೈ-ಆಂಪ್’ ಆಯ್ಕೆಯೂ ಇದೇ. ಅದರಲ್ಲಂತೂ ಎರಡೂ ಚಾನೆಲ್‌ಗೆ ಒಂದೇ ಪವರ್ ಸಪ್ಲೈ. ಅದಕ್ಕಾಗಿ ಖರ್ಚು ಮಾಡಬೇಡಿ. ಖಾಲಿ ಚಾನೆಲ್ ಇದ್ದರೆ ಬಳಸಿ ನೋಡಿ, ಅಷ್ಟು ಸಾಕು.

ಕ್ರಾಸ್‌ಓವರ್ ಆಂಪಿಗಿಂತ ಮೊದಲೇ, ಲೈನ್ ಲೆವೆಲ್‌ನಲ್ಲೇ (ಆಂಪ್ ಹಿಗ್ಗಿಸುವ ಮುಂಚಿನ ಸಣ್ಣ ಸಿಗ್ನಲ್‌ನಲ್ಲೇ) ಬಂದರೆ ಅದು ಆಕ್ಟಿವ್. ಡಗ್ಗಾ ಒಂದು ಆಂಪಿಗೆ, ತಾಳ ಇನ್ನೊಂದಕ್ಕೆ. ತಲಾ 20 ವೋಲ್ಟ್ ಸಾಕು. 8 ಓಮ್‌ಗೆ 20 ವೋಲ್ಟ್ ಪೀಕ್ ಅಂದರೆ 25 ವಾಟ್. ಅಂದರೆ ಈ ಕ್ಷಣದ ಮಟ್ಟಿಗೆ 25 ವಾಟಿನ ಎರಡು ಆಂಪ್, 100 ವಾಟಿನ ಒಂದು ಆಂಪ್ ಮಾಡುವ ಕೆಲಸ ಮಾಡಿದವು! ಎಲ್ಲ ಹಾಡಿಗೂ ಇಷ್ಟೇ ಲಾಭ ಸಿಗುವುದಿಲ್ಲ. ಆದರೆ ಬಾಸ್ ಕ್ಲಿಪ್ ಆದರೂ ಅದರ ಕರಕರ ಟ್ವೀಟರ್‌ಗೆ ತಲುಪುವುದಿಲ್ಲ. ನನ್ನ ಮಟ್ಟಿಗೆ ಬೈ-ಆಂಪಿಂಗ್ ಅನ್ನೋ ಹೆಸರಿಗೆ ತಕ್ಕದ್ದು ಇದೊಂದೇ.

ಜಾತ್ರೆಗೆ ದೊಡ್ಡ ಸೌಂಡ್ ಹಾಕುವವರಿಗೆ ಇದು ಹೊಸತಲ್ಲ. ಅವರ ರ‍್ಯಾಕಿನಲ್ಲಿ ಕ್ರಾಸ್‌ಓವರ್ ಬೇರೆ, ಬಾಸ್‌ನ ಆಂಪ್ ಬೇರೆ. ಸ್ಟುಡಿಯೊ ಮಾನಿಟರ್‌ಗಳೂ ಹಾಗೇ: ಯಮಹಾ ಎಚ್‌ಎಸ್8 ಒಳಗೆ ವೂಫರ್‌ಗೆ 75 ವಾಟ್, ಟ್ವೀಟರ್‌ಗೆ 45 ವಾಟಿನ ಆಂಪ್ ಇದೆ. ಇಂಥ ಕ್ರಾಸ್‌ಓವರ್‌ಗಳಲ್ಲಿ ಇವತ್ತಿಗೂ ತುಂಬಾ ಬಳಕೆಯಲ್ಲಿರುವುದು ಲಿಂಕ್‌ವಿಟ್ಜ್-ರೈಲಿ ಫಿಲ್ಟರ್. ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಅದನ್ನು 1976ರಲ್ಲಿ ಪ್ರಕಟಿಸಿದರು.

ಎರಡು ಬೇರೆ ಬೇರೆ ಆಂಪ್ ಜೋಡಿಸುವವರು ವಾಟ್ ಬಿಟ್ಟು ಗೇನ್, ಅಂದರೆ ಆಂಪ್ ಸಿಗ್ನಲನ್ನು ಎಷ್ಟು ಹಿಗ್ಗಿಸುತ್ತದೆ ಅನ್ನೋದನ್ನ ನೋಡಬೇಕು. ಒಂದರ ಗೇನ್ 26 ಡಿಬಿ, ಇನ್ನೊಂದರದ್ದು 29 ಡಿಬಿ ಇದ್ದರೆ ಟ್ವೀಟರ್ 3 ಡಿಬಿ ಜಾಸ್ತಿ ಕಿರುಚುತ್ತದೆ, ಇಲ್ಲವೇ ಬಾಸ್ ಅಷ್ಟೇ ಉಬ್ಬುತ್ತದೆ. ‘ಆಂಪ್ ಬದಲಿಸಿದೆ, ಡೀಟೇಲ್ ಬಂತು’ ಅಂತ ಖುಷಿಪಡುವ ಮುಂಚೆ ಇದನ್ನು ಸರಿಮಾಡಿ. ಲೆವೆಲ್ ಕಂಟ್ರೋಲ್ ಇಲ್ಲದಿದ್ದರೆ ಒಂದೇ ಮಾಡೆಲ್‌ನ ಎರಡು ಆಂಪ್ ತಗೊಳ್ಳಿ.

ಆಕ್ಟಿವ್‌ಗೆ ಹೋಗುವವರು ಪೆಟ್ಟಿಗೆಯೊಳಗಿನ ಕ್ರಾಸ್‌ಓವರ್ ಕಳಚಿಯೇ ಹೋಗಬೇಕು. ಅದು ಮಾಡುತ್ತಿದ್ದ ಟ್ವೀಟರ್ ತಗ್ಗಿಸುವಂಥ ತಿದ್ದುಪಡಿಗಳನ್ನೂ ಹೊರಗೆ ಮಾಡಿಕೊಳ್ಳಬೇಕು. ಆಗ ಟ್ವೀಟರ್‌ಗೂ ಆಂಪಿಗೂ ನಡುವೆ ಏನೂ ಉಳಿಯುವುದಿಲ್ಲ. ಆನ್ ಮಾಡುವಾಗಿನ ಒಂದು ‘ಧಪ್’ ಸಾಕು ಅದನ್ನು ಕೊಲ್ಲಲು. ಟ್ವೀಟರ್‌ನ ಸೀರೀಸ್‌ನಲ್ಲಿ ಒಂದು ಕೆಪಾಸಿಟರ್ ಇಡಿ. ಪವರ್ ಆಂಪ್‌ಗಳನ್ನು ಕೊನೆಗೆ ಆನ್ ಮಾಡಿ, ಮೊದಲು ಆಫ್ ಮಾಡಿ.